ಮುಖದ ಮೇಲೆ ಬರೆದ ಸುದ್ದಿ

ಇವತ್ತಿನ ಕಥೆ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತೆ. ಆದರೆ ಶುರುವಾಗೋದು ಸಿಂಧನೂರು ಬಸ್ ನಿಲ್ದಾಣದಲ್ಲಿ, ನನ್ನ ಫೋನಿನಲ್ಲಿ.

ಲಿಂಗಸುಗೂರಿಗೆ ಹೊರಟಿದ್ದೆ. ಮಸ್ಕಿ ಮೇಲೆ ಹೋಗೋ ಬಸ್ಸು, ಕಿಟಕಿ ಪಕ್ಕದ ಸೀಟು. ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಸುಟ್ಟ ಮುಖದ ಒಬ್ಬ ಹೆಣ್ಣುಮಗಳು. ಕೆಳಗೆ ನಾಲ್ಕು ಅಳುವ ಎಮೋಜಿ, 'ಶೇರ್ ಮಾಡಿ' ಅಂತ ಒಂದು ಸಾಲು. ನಾನೇನು ಮಾಡಿದೆ ಗೊತ್ತಾ? ಎರಡು ಬೆರಳಿಟ್ಟು ಝೂಮ್ ಮಾಡಿದೆ. ಸುಳ್ಳು ಹೇಳೋದಿಲ್ಲ, ಕನಿಕರಕ್ಕಿಂತ ಮೊದಲು ಬಂದದ್ದು ಕುತೂಹಲ.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು, ಐವತ್ತರ ಹತ್ತಿರದ ವಯಸ್ಸು. ಸೆರಗು ತಲೆ ಮೇಲಿಂದ ಎಳೆದು ಒಂದು ಕೆನ್ನೆ ಮುಚ್ಚಿಕೊಂಡಿದ್ದರು. ನನ್ನ ಫೋನ್ ನೋಡಿ ಕೇಳಿದರು.

"ಯಾರ್ಯಪ್ಪಾ ಆಕಿ?"

"ಗೊತ್ತಿಲ್ರಿ ಯಕ್ಕಾ."

"ಗೊತ್ತಿಲ್ಲದಾಕಿ ಮಾರಿ ನಿನ್ನ ಫೋನಿನ್ಯಾಗ ಹೆಂಗ ಬಂತು?"

ನಮ್ಮ ಕಡೆ ಮುಖಕ್ಕೆ ಮಾರಿ ಅಂತೀವಿ. ಅವರು ಮಾತಾಡುವಾಗ ಸೆರಗು ಸ್ವಲ್ಪ ಸರಿದಿತ್ತು. ಕೆನ್ನೆಯಿಂದ ಕುತ್ತಿಗೆವರೆಗೆ ಹಳೆಯ ಸುಟ್ಟ ಗಾಯ. ನಾನು ಫೋನನ್ನ ಮಗುಚಿ ತೊಡೆ ಮೇಲಿಟ್ಟುಕೊಂಡೆ. ಅವರೇ ಹೇಳಿದರು: "ಸೀಮೆಎಣ್ಣಿ ಸ್ಟೋ ಹತ್ಕೊಂಡು ಸುಟ್ಟದ್ದು. ಇಪ್ಪತ್ತು ವರ್ಷ ಆತು. ಈಗೀಗ ನೋಡಿದವ್ರೆಲ್ಲ ಯಾರು ಆ್ಯಸಿಡ್ ಹಾಕಿದ್ರು ಅಂತ ಕೇಳ್ತಾರ. ಸ್ಟೋ ಅಂದ್ರ ನಂಬಂಗಿಲ್ಲ. ಟಿವಿಯಾಗ ಹಂಗ ನೋಡಿರ್ತಾರಲ್ಲ."

ಅವರ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಗೊತ್ತಿಲ್ಲದವರ ಗಾಯದ ಮುಖ ನಮ್ಮ ಕೈಗೆ ಹೆಂಗ ಬರುತ್ತೆ? ಅದನ್ನ ಯಾರು ಕಳಿಸ್ತಾರೆ? ಏನು ಹೇಳೋಕೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ನಮ್ಮ ಕರ್ನಾಟಕದ ನೆಲದ ಮೇಲೇ ಒಬ್ಬ ಮನುಷ್ಯ ಸಿಗುತ್ತಾನೆ. ಗಾಯಗೊಂಡ ಅವನ ಮುಖ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

ಮೊದಲು ಆ ಕಾಲ ನೋಡೋಣ. 1790ರಿಂದ 1792ರವರೆಗೆ ಮೂರನೇ ಮೈಸೂರು ಯುದ್ಧ. ಒಂದು ಕಡೆ ಟಿಪ್ಪು ಸುಲ್ತಾನ್. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ, ಮರಾಠರು. ನಮಗೂ ಇದು ದೂರದ ಯುದ್ಧ ಅಲ್ಲ. ಸಿಂಧನೂರಿನಿಂದ ಗಂಗಾವತಿ ದಾಟಿದರೆ ಸಿಗೋ ಕೊಪ್ಪಳದ ಕೋಟೆಯನ್ನ ನಿಜಾಮನ ಸೈನ್ಯ ತಿಂಗಳುಗಟ್ಟಲೆ ಮುತ್ತಿತ್ತು. 1791ರ ಏಪ್ರಿಲ್‌ನಲ್ಲಿ ಆ ಕೋಟೆ ಬಿತ್ತು.

ಆ ಯುದ್ಧ ನಡೆದದ್ದು ಎತ್ತುಗಳ ಬೆನ್ನ ಮೇಲೆ. ಲಾರಿ ಇಲ್ಲ, ರೈಲಿಲ್ಲ. ತೋಪು, ಮದ್ದು, ಅಕ್ಕಿ, ಎಲ್ಲವನ್ನೂ ಎತ್ತು ಹೊರಬೇಕು, ಎಳೀಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದೂ ವಾಪಸ್ ಹೋಗಬೇಕಾಯಿತು. ಎತ್ತುಗಳು ಸತ್ತಿದ್ದವು, ಕಾಳುಕಡ್ಡಿ ಮುಗಿದಿತ್ತು. ದೊಡ್ಡ ತೋಪುಗಳನ್ನ ಅಲ್ಲೇ ಹಾಳುಮಾಡಿ ಹಿಂದಿರುಗಿದ. ಮುಂದೆ ಅವನ ಸೈನ್ಯಕ್ಕೆ ಎತ್ತುಗಳ ಮೇಲೆ ಧಾನ್ಯ ತಂದುಕೊಟ್ಟವರು ಬಂಜಾರರು. ಲಿಂಗಸುಗೂರು ಸುತ್ತಲಿನ ತಾಂಡಾಗಳ ಗೆಳೆಯರೇ, ಎತ್ತಿನ ಮೇಲೆ ಸರಕು ಸಾಗಿಸೋದು ನಿಮ್ಮ ಹಿರೀಕರ ಕಸುಬು.

ಅಂದರೆ ಎತ್ತು ಹೊಡೆಯೋನು ಸಿಪಾಯಿ ಅಲ್ಲ, ಆದರೆ ಅವನಿಲ್ಲದೆ ಸಿಪಾಯಿ ಇಲ್ಲ. ಅಂಥ ಒಬ್ಬ ಎತ್ತಿನವನನ್ನ ಇಂಗ್ಲಿಷರು 'ಕೋವಾಸ್‌ಜಿ' ಅಂತ ಬರೆದುಕೊಂಡರು. ಅವರ ಕಿವಿಗೆ ಕೇಳಿಸಿದ ಹಾಗೆ ಬರೆದ ಹೆಸರು. ಮರಾಠ, ಒಕ್ಕಲು ಮಾಡುವ ಜಾತಿಯವನು ಅಂತ ಆ ವರದಿಯಲ್ಲಿ ಇದೆ. ಕಂಪನಿ ಸೈನ್ಯದಲ್ಲಿ ಎತ್ತು ಹೊಡೀತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕತ್ತರಿಸಿ ಬಿಟ್ಟರು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಹತ್ತಿರ ಇದ್ದ ಬಾಂಬೆ ಸೈನ್ಯವನ್ನ ಸೇರಿಕೊಂಡ.

ಕೈ ಕತ್ತರಿಸಿದ್ದು ಅರ್ಥ ಆಗುತ್ತೆ. ಕೈ ಇಲ್ಲದಿದ್ದರೆ ಕೆಲಸ ಮಾಡೋಕಾಗಲ್ಲ. ಮೂಗು ಯಾಕೆ? ಮೂಗಿಲ್ಲದಿದ್ದರೂ ಎತ್ತು ಹೊಡೀಬಹುದಲ್ಲ?

ನನಗೆ ಅನ್ನಿಸೋದು ಹೀಗೆ. ಮೂಗು ಕೊಯ್ಯೋದು ಆ ಮನುಷ್ಯನಿಗಷ್ಟೇ ಕೊಡೋ ಶಿಕ್ಷೆ ಅಲ್ಲ, ಅವನನ್ನ ನೋಡೋ ಉಳಿದವರಿಗೆ ಕಳಿಸೋ ಸುದ್ದಿ. ಅವನು ಊರಿಂದ ಊರಿಗೆ ನಡೀತಾನೆ. ನೋಡಿದವರಿಗೆಲ್ಲ ಅವನ ಮುಖವೇ ಹೇಳುತ್ತೆ: 'ಕಂಪನಿ ಕೆಲಸಕ್ಕೆ ಹೋದರೆ ಹಿಂಗಾಗುತ್ತೆ.' ಪತ್ರಿಕೆ, ಟಿವಿ, ವಾಟ್ಸಾಪ್ ಯಾವುದೂ ಇಲ್ಲದ ಕಾಲದಲ್ಲಿ ಮನುಷ್ಯನ ಮುಖವನ್ನೇ ಪತ್ರಿಕೆ ಮಾಡಿಬಿಟ್ಟಿದ್ದರು. ಬರೆದವನು ಬೇರೆಯವನು. ಹೊತ್ತು ತಿರುಗೋನು ಇವನು.

ಇದನ್ನ ಟಿಪ್ಪು ಒಬ್ಬನ ಮೇಲೆ ಹಾಕಿ ಕೈತೊಳೆದುಕೊಳ್ಳೋ ಹಾಗಿಲ್ಲ. ಅದಕ್ಕೂ ನೂರ ಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ, 1650ರ ದಶಕದಲ್ಲಿ, ಕಂಠೀರವ ನರಸರಾಜ ಒಡೆಯರ ಮೈಸೂರು ಸೈನ್ಯ ಮಧುರೆ ಸೀಮೆಗೆ ನುಗ್ಗಿದಾಗ ಸಿಕ್ಕವರ ಮೂಗು ಕೊಯ್ದಿತ್ತು, ಆಮೇಲೆ ಮಧುರೆಯವರೂ ಹಾಗೇ ಸೇಡು ತೀರಿಸಿಕೊಂಡರು ಅಂತ ಅಲ್ಲಿದ್ದ ಜೆಸ್ವಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಇತಿಹಾಸದಲ್ಲಿ ಅದಕ್ಕೆ ಮೂಗು ಕೊಯ್ಯುವ ಯುದ್ಧ ಅಂತಲೇ ಹೆಸರು ಬಿತ್ತು. ಲಂಡನ್ನಿನಲ್ಲೂ ಕಥೆ ಬೇರೆ ಇರಲಿಲ್ಲ. 1670ರ ಡಿಸೆಂಬರಿನಲ್ಲಿ ರಾಜನ ಬಗ್ಗೆ ಚುಚ್ಚು ಮಾತಾಡಿದ ಸರ್ ಜಾನ್ ಕೊವೆಂಟ್ರಿ ಅನ್ನೋ ಪಾರ್ಲಿಮೆಂಟ್ ಸದಸ್ಯನನ್ನ ಬೀದಿಯಲ್ಲಿ ಹಿಡಿದು ಮೂಗು ಸೀಳಿದರು. ಅದಾದ ಮೇಲೆ ಅಲ್ಲಿ ಮೂಗು ಸೀಳೋದರ ವಿರುದ್ಧ ಒಂದು ಕಾನೂನನ್ನೇ ಮಾಡಬೇಕಾಯಿತು.

ನಮ್ಮ ಭಾಷೆಯಲ್ಲೂ ಇದರ ಗುರುತು ಉಳಿದಿದೆ. ಚುನಾವಣೆ ಫಲಿತಾಂಶದ ಮರುದಿನ ಪೇಪರ್ ನೋಡಿ: ಇಂಥ ಪಕ್ಷಕ್ಕೆ 'ಮುಖಭಂಗ'. ಮಾನ ಹೋಯಿತು ಅನ್ನೋದಕ್ಕೆ ಮುಖ ಮುರಿಯಿತು ಅಂತೀವಿ. ಹಾಗಾದರೆ ನಿಜವಾಗಲೂ ಮುಖಕ್ಕೆ ಗಾಯ ಆದವರನ್ನ ನೋಡಿದಾಗ ನಮ್ಮ ಮನಸ್ಸು ಏನಂದುಕೊಳ್ಳುತ್ತೆ? ಯೋಚಿಸಿ.

ಈಗ ಕೋವಾಸ್‌ಜಿ ಕಥೆಗೆ ವಾಪಸ್ ಬರೋಣ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ, 1793ರ ಮಾರ್ಚ್ ಸುಮಾರಿಗೆ, ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿದ. ಹೌದು, ಕಟ್ಟಿದ. ಈ ವಿದ್ಯೆ ಇಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಮಾಡುವ ವಿಧಾನ ಇದೆ. ಈತ ಬಳಸಿದ್ದು ಹಣೆಯ ಚರ್ಮ.

ಹೇಗೆ ಮಾಡಿದ ಕೇಳಿ. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರ ಮಾಡಿಕೊಂಡ. ಅದನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಗುಂಟ ಚರ್ಮ ಬಿಡಿಸಿದ. ಆದರೆ ಪೂರ್ತಿ ಕತ್ತರಿಸಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿ ಹಾಗೇ ಉಳಿಸಿದ. ರಕ್ತ ಹರಿಯೋಕೆ ಅದೇ ದಾರಿ. ಆ ಚರ್ಮವನ್ನ ತಿರುಚಿ ಕೆಳಗಿಳಿಸಿ, ಹಳೆಯ ಮೂಗಿನ ಜಾಗದಲ್ಲಿ ಕೊಯ್ದ ಸಂದಿಗೆ ಸೇರಿಸಿದ. ಅಂಟಿಸೋಕೆ ನೀರಲ್ಲಿ ನೆನೆಸಿದ ಕಾಚು. ಎಲೆ ಅಡಿಕೆಗೆ ಹಾಕ್ಕೊಳ್ತೀವಲ್ಲ, ಅದೇ ಕಾಚು. ನಾಲ್ಕು ದಿನ ಆದಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೇ ದಿನ ಆ ಸಣ್ಣ ಪಟ್ಟಿಯನ್ನ ಕತ್ತರಿಸಿದ. ಮೂಗು ನಿಂತಿತು.

ಇಂಥ ಆಪರೇಷನ್ ನಡೆಯೋದನ್ನ ಬಾಂಬೆ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡಿದ್ದರು. ಜೇಮ್ಸ್ ವೇಲ್ಸ್ ಅನ್ನೋ ಚಿತ್ರಕಾರ 1794ರ ಜನವರಿಯಲ್ಲಿ, ಅಂದರೆ ಆಪರೇಷನ್ ಆಗಿ ಹತ್ತು ತಿಂಗಳಿಗೆ, ಕೋವಾಸ್‌ಜಿಯ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಅನ್ನೋ ಮಾಸಪತ್ರಿಕೆಯಲ್ಲಿ ಆ ಮುಖ ಅಚ್ಚಾಯಿತು. ತಲೆಗೆ ರುಮಾಲು, ಹಣೆ ಮೇಲೆ ಕಲೆ, ಹೊಸ ಮೂಗು. ಪಕ್ಕದಲ್ಲಿ ಮೇಣದ ತುಂಡಿನ ಆಕಾರಕ್ಕೆ ನಂಬರು ಹಾಕಿ ವಿವರಣೆ. ಜೋಸೆಫ್ ಕಾರ್ಪ್ಯೂ ಅನ್ನೋ ಲಂಡನ್ ಸರ್ಜನ್ ಈ ವಿಧಾನವನ್ನ ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ತಾನೂ ಮಾಡಿದ, 1816ರಲ್ಲಿ ಅದರ ಬಗ್ಗೆ ಪುಸ್ತಕ ತಂದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಇತಿಹಾಸದಲ್ಲಿ ಆ ಪುಟಕ್ಕೆ ದೊಡ್ಡ ಜಾಗ ಇದೆ.

ಒಳ್ಳೆಯದೇ ಆಯಿತಲ್ಲ ಅಂತೀರಿ. ಆಯಿತು. ಆ ಚಿತ್ರದಿಂದ ಎಷ್ಟೋ ಜನರಿಗೆ ಮೂಗು ಸಿಕ್ಕಿತು. ಆದರೆ ಆ ವರದಿಯಲ್ಲಿ ಏನಿಲ್ಲ ಅನ್ನೋದನ್ನೂ ನೋಡಿ. ಮೂಗು ಕಟ್ಟಿದವನ ಹೆಸರಿಲ್ಲ, ಜಾತಿ ಮಾತ್ರ ಇದೆ. ನಿಂತು ನೋಡಿದ ಇಂಗ್ಲಿಷ್ ವೈದ್ಯರಿಬ್ಬರ ಹೆಸರು ಇದೆ. ಕೋವಾಸ್‌ಜಿಯ ಹೆಸರಿದೆ, ಕಂಪನಿಯಿಂದ ಪಿಂಚಣಿ ಬರ್ತಿತ್ತು ಅನ್ನೋದಿದೆ, ಆದರೆ ಅವನಾಡಿದ ಒಂದು ಮಾತೂ ಇಲ್ಲ. ನೋವಾಯಿತಾ? ಹೊಸ ಮೂಗು ಇಷ್ಟ ಆಯಿತಾ? ಕೈ ಇಲ್ಲದೆ ಹೆಂಗ ಬದುಕಿದ? ಚಿತ್ರ ಲಂಡನ್ನಿಗೆ ಹೋಗುತ್ತೆ ಅಂತ ಅವನಿಗೆ ಹೇಳಿದ್ದರಾ? ಯಾರೂ ಕೇಳಲಿಲ್ಲ, ಬರೀಲಿಲ್ಲ. ಟಿಪ್ಪುವನ್ನ ಕ್ರೂರಿ ಅಂತ ತೋರಿಸ್ತಿದ್ದ ಕಾಲದ ಇಂಗ್ಲಿಷ್ ಓದುಗರಿಗೆ ಆ ಮುಖ ಒಂದು ಸಾಕ್ಷಿ. ವೈದ್ಯರಿಗೆ ಅದೊಂದು ಕೌತುಕ. ಟಿಪ್ಪುವಿನ ಕಡೆಯವರು ಆ ಮುಖದ ಮೇಲೆ ಒಂದು ಸುದ್ದಿ ಬರೆದರು, ಲಂಡನ್ನಿನವರು ಅದೇ ಮುಖದ ಮೇಲೆ ಇನ್ನೊಂದು ಸುದ್ದಿ ಬರೆದರು. ಕೋವಾಸ್‌ಜಿಯ ಸುದ್ದಿ ಯಾವುದು?

ನಮ್ಮ ಬಸ್ಸು ಮಸ್ಕಿ ಹತ್ತಿರ ಬಂದಿತ್ತು. ಇಲ್ಲಿನ ಬೆಟ್ಟದ ಶಾಸನದ ಬಗ್ಗೆ ಶಾಲೆಯಲ್ಲಿ ಓದಿರ್ತೀರಿ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅನ್ನೋ ಬಿರುದು ಇತ್ತು. ಮಸ್ಕಿ ಕಲ್ಲಿನಲ್ಲಿ 'ಅಶೋಕ' ಅನ್ನೋ ಹೆಸರೇ ಸಿಕ್ಕಿತು. ಒಬ್ಬ ಚಕ್ರವರ್ತಿಯ ಹೆಸರು ಖಾತ್ರಿಯಾಗಿದ್ದಕ್ಕೆ ನಾವು ನೂರು ವರ್ಷದಿಂದ ಹೆಮ್ಮೆ ಪಡ್ತೀವಿ. ಪುಣೆಯಲ್ಲಿ ಮೂಗು ಕಟ್ಟಿದವನ ಹೆಸರಿಗೆ ಅಂಥ ಕಲ್ಲು ಸಿಗಲಿಲ್ಲ. ನನ್ನ ಫೋನಿನಲ್ಲಿದ್ದ ಆ ಹೆಣ್ಣುಮಗಳಿಗೂ ಸಿಕ್ಕಿಲ್ಲ.

ಈಗ ಬೆಂಗಳೂರಿಗೆ, 1999ಕ್ಕೆ ಬರೋಣ. ಹಸೀನಾ ಹುಸೇನ್ ಅನ್ನೋ ಯುವತಿ ಮೇಲೆ ಅವರ ಹಳೆಯ ಮಾಲೀಕ ಆ್ಯಸಿಡ್ ಸುರಿದ. ಮುಖ ಸುಟ್ಟಿತು, ಕಣ್ಣಿನ ದೃಷ್ಟಿ ಹೋಯಿತು. ಆಗ ಆ್ಯಸಿಡ್ ದಾಳಿಗೆ ಅಂತ ಬೇರೆ ಕಾನೂನೇ ಇರಲಿಲ್ಲ. ಕೆಳಗಿನ ಕೋರ್ಟು ಅವನಿಗೆ ಕೆಲವೇ ವರ್ಷಗಳ ಶಿಕ್ಷೆ ಕೊಟ್ಟಿತು. ಹಸೀನಾ ಮತ್ತು ಅವರ ಜೊತೆಗಿದ್ದವರು ಬಿಡಲಿಲ್ಲ. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಜೀವಾವಧಿ ಶಿಕ್ಷೆಗೆ ಏರಿಸಿತು.

ಇದರ ನಡುವೆ, 2003ರಲ್ಲಿ, ಬೆಂಗಳೂರಿನಲ್ಲಿ ಮಹಿಳೆಯರ ಮೇಲಿನ ಆ್ಯಸಿಡ್ ದಾಳಿ ವಿರೋಧಿಸಿ ಒಂದು ಹೋರಾಟ ವೇದಿಕೆ ಹುಟ್ಟಿತ್ತು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಅದನ್ನ 'ಸಿಎಸ್‌ಎಎಎಡಬ್ಲ್ಯು' ಅಂತ ಕರೀತಾರೆ. ದಾಳಿಗೆ ಒಳಗಾದವರೇ ಮುಂದೆ ನಿಂತರು. ಸಭೆಗಳಲ್ಲಿ, ಕ್ಯಾಮೆರಾ ಮುಂದೆ, ಸೆರಗು ಮುಚ್ಚಿಕೊಳ್ಳದೆ ಮಾತಾಡಿದರು. ಕೋವಾಸ್‌ಜಿ ಮುಖ ಅಚ್ಚಾದಾಗ ಇಲ್ಲದೇ ಇದ್ದದ್ದು ಇಲ್ಲಿ ಇತ್ತು. ಮುಖವೂ ಅವರದೇ, ಮಾತೂ ಅವರದೇ. ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ, ಆ್ಯಸಿಡ್ಡು ಅಂಗಡಿಯಲ್ಲಿ ಯಾಕೆ ಸುಲಭವಾಗಿ ಸಿಗುತ್ತೆ, ಕೆಲಸ ಯಾರು ಕೊಡ್ತಾರೆ ಅಂತ ಅವರು ಕೇಳಿದರು.

ಆ ಪ್ರಶ್ನೆಗಳು ಕೆಲಸ ಮಾಡಿದವು. ದೆಹಲಿಯ ಲಕ್ಷ್ಮಿ ಅಗರ್ವಾಲ್ ಹಾಕಿದ ಅರ್ಜಿ ಮೇಲೆ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ್ಯಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು, ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಅದೇ ವರ್ಷ ದಂಡ ಸಂಹಿತೆಗೆ 326ಎ ಕಲಂ ಸೇರಿ, ಕನಿಷ್ಠ 10 ವರ್ಷ ಶಿಕ್ಷೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಂ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆ್ಯಸಿಡ್ ದಾಳಿಗೆ ಒಳಗಾದವರೂ ಸೇರಿದರು. ಆದರೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಯಕ್ಕನ ಹಾಗೆ ಸ್ಟೋ ಹತ್ತಿ ಬರೇ ಮುಖ ಸುಟ್ಟವರಿಗೆ ಆ ಹೆಸರಿನಲ್ಲಿ ಅಲ್ಲಿ ಜಾಗ ಇಲ್ಲ. ಅವರ ಬಗ್ಗೆ ಸುದ್ದಿಯೂ ಆಗಲ್ಲ.

ಕಾನೂನು ಬದಲಾಯಿತು. ಸುದ್ದಿಯ ಭಾಷೆ? ಒಂದು ಪದ ಹಿಡೀತೀನಿ: 'ಭಗ್ನಪ್ರೇಮಿ'. ಹೆಣ್ಣು ಒಲ್ಲೆ ಅಂದದ್ದಕ್ಕೆ ಆ್ಯಸಿಡ್ ಹಾಕಿದವನನ್ನ ನಮ್ಮ ಪೇಪರ್, ಟಿವಿಗಳು ಎಷ್ಟು ಸಲ ಹೀಗೆ ಕರೆದಿಲ್ಲ? ಇಲ್ಲವಾದರೆ 'ಪಾಗಲ್ ಪ್ರೇಮಿ'. ಭಗ್ನ ಅಂದರೆ ಒಡೆದದ್ದು. ಸುಟ್ಟದ್ದು ಅವಳ ಮುಖ, ಒಡೆದದ್ದು ಮಾತ್ರ ಅವನ ಹೃದಯ! ಅವಳಿಗೆ ಉಳಿಯೋ ಪದ 'ವಿರೂಪ', 'ಕುರೂಪ'. ಪಕ್ಕದಲ್ಲಿ ಎರಡು ಫೋಟೊ, ಮೊದಲು ಹೀಗಿದ್ದಳು, ಈಗ ಹೀಗೆ. ಹಿಂದೆ ದುಃಖದ ಮ್ಯೂಸಿಕ್ಕು.

ಈಗ ಪ್ಯಾಂಟಿನ ಜೇಬು ನೋಡ್ಕೊಳ್ಳಿ. ಗುಟ್ಕಾ, ತಂಬಾಕು ಚೀಟಿ ಇದ್ದರೆ ಅದರ ಮೇಲೂ ಒಂದು ಮುಖ ಇರಬಹುದು. ಬಾಯಿ ಕ್ಯಾನ್ಸರ್ ಆಗಿ ಕೆನ್ನೆ ತೂತಾದ ಮುಖ. 2009ರಿಂದ ನಮ್ಮ ದೇಶದಲ್ಲಿ ತಂಬಾಕು ಪ್ಯಾಕಿನ ಮೇಲೆ ಚಿತ್ರದ ಎಚ್ಚರಿಕೆ ಕಡ್ಡಾಯ. 2016ರಿಂದ ಪ್ಯಾಕಿನ ಶೇ 85 ಭಾಗ ಅದಕ್ಕೇ ಮೀಸಲು. ಉದ್ದೇಶ ಒಳ್ಳೆಯದು, ತಂಬಾಕು ಬಿಡಿ ಅಂತ ನಾನೂ ಹೇಳ್ತೀನಿ. ಆದರೆ ಬಾಯಿ ಆಪರೇಷನ್ ಆಗಿ ಬದುಕಿ ಬಂದ ಕಾಕಾ ನಮ್ಮ ಓಣಿಯಲ್ಲಿ ನಡೆದರೆ ಹುಡುಗರು 'ಗುಟ್ಕಾ ಚೀಟಿ' ಅಂತ ಕಿಸಕ್ಕನೆ ನಗ್ತಾರಲ್ಲ, ಅದನ್ನ ಕಲಿಸಿದ್ದು ಯಾರು? ಗಾಯದ ಮುಖ ಅಂದರೆ ಹೆದರಬೇಕಾದ್ದು ಅಂತ ದಿನಾ ತೋರಿಸಿ, ಆ ಮುಖದವರನ್ನ ಮಾತ್ರ ಗೌರವದಿಂದ ನೋಡು ಅಂದರೆ ಹೆಂಗ?

ಹಾಗಾದರೆ ಮುಖ ತೋರಿಸಲೇಬಾರದಾ? ಎಲ್ಲಾ ಬ್ಲರ್ ಮಾಡಬೇಕಾ? ನಾನು ಹಾಗೆ ಅನ್ನಲ್ಲ. ಹಸೀನಾ ಮುಖ ತೋರಿಸಿದ್ದರಿಂದಲೇ ಜನ ಕೇಳಿಸಿಕೊಂಡರು. ತಾವಾಗಿ ಮುಂದೆ ಬಂದವರ ಮುಖಕ್ಕೆ ಮಸುಕು ಹಾಕಿದರೆ, ನೀನು ನೋಡೋಕೆ ಲಾಯಕ್ಕಿಲ್ಲ ಅಂದ ಹಾಗೆ. ನೋಡಬೇಕಾದದ್ದು ಇಷ್ಟೇ: ಆ ಮುಖ ಯಾರದೋ, ಮಾತು ಅವರದಾ? ಅವರು ಒಪ್ಪಿದ್ದಾರಾ?

ಒಪ್ಪಿಲ್ಲ ಅಂದರೆ ಏನಾಗುತ್ತೆ ಹೇಳ್ತೀನಿ. ಕೋವಾಸ್‌ಜಿಯ ಮೂಗು ಕೊಯ್ದವನಿಗೆ ಬೇಕಾಗಿದ್ದು ಏನು? ಎಲ್ಲರೂ ನೋಡಬೇಕು, ನೋಡಿ ಹೆದರಬೇಕು. ಆ್ಯಸಿಡ್ ಹಾಕೋನಿಗೆ ಬೇಕಾದ್ದೂ ಅದೇ. ಇವಳನ್ನ ನೋಡಿದವರೆಲ್ಲ ಮುಖ ತಿರುಗಿಸಬೇಕು, ಬೇರೆ ಹುಡುಗಿಯರು ಒಲ್ಲೆ ಅನ್ನೋಕೆ ಅಂಜಬೇಕು. ಅವನು ಜೈಲಿಗೆ ಹೋಗಿರ್ತಾನೆ. ಅವನು ಬರೆದ ಪತ್ರವನ್ನ ಮನೆಮನೆಗೆ ಮುಟ್ಟಿಸೋರು ಮಾತ್ರ ನಾವೇ, ಅಳುವ ಎಮೋಜಿ ಹಚ್ಚಿ, ಪುಕ್ಕಟೆಯಾಗಿ. ಬಸ್ಸಿನಲ್ಲಿ ಝೂಮ್ ಮಾಡಿದಾಗ ನಾನು ಅವನ ಟಪಾಲಿನವನಾಗಿದ್ದೆ.

ಗ್ರೂಪಿನಲ್ಲಿ ಬರೆದೆ: 'ಇವರು ಯಾರು? ಫೋಟೊ ಹಾಕೋಕೆ ಇವರು ಒಪ್ಪಿದ್ದಾರಾ?' ಒಬ್ಬ 'ಬಂದದ್ದನ್ನ ಕಳಿಸಿದೆ ಅಷ್ಟೇ' ಅಂದ. ಮತ್ತೊಬ್ಬ ಹೆಬ್ಬೆರಳು ತೋರಿಸಿದ. ಯಾರಿಗೂ ಗೊತ್ತಿರಲಿಲ್ಲ. ಅಳಿಸಿದೆ. ಆಮೇಲೆ ಕಳಿಸಿದವನೂ ಅಳಿಸಿದ. ಅದರಿಂದ ಜಗತ್ತೇನೂ ಬದಲಾಗಲಿಲ್ಲ, ಆ ಫೋಟೊ ಇನ್ನೂ ಎಲ್ಲೆಲ್ಲೋ ತಿರುಗ್ತಾ ಇರುತ್ತೆ.

ಮಸ್ಕಿ ಬಂತು. ಯಕ್ಕ ಚೀಲ ತಗೊಂಡು ಎದ್ದರು. ನಾನು ಇತಿಹಾಸದ ಪಾಡ್‌ಕಾಸ್ಟ್ ಮಾಡ್ತೀನಿ, ನೀವು ಕೇಳಿದ ಮಾತನ್ನ ಅದರಲ್ಲಿ ಹೇಳಬಹುದಾ ಅಂದೆ. ಪಾಡ್‌ಕಾಸ್ಟ್ ಅಂದ್ರೇನು ಅಂತ ಕೇಳಿದರು. ರೇಡಿಯೊ ಇದ್ದಂಗ ಅಂದೆ. ಸ್ವಲ್ಪ ಯೋಚಿಸಿದರು.

"ಮಾತು ಹೇಳಪ್ಪಾ. ಹೆಸರು ಬ್ಯಾಡ, ಫೋಟೊ ಬ್ಯಾಡ."

ಹಾಗೇ ಮಾಡಿದ್ದೀನಿ.